ಚಿಪ್ಪಿಕೋಡಿಯ ಹಳೇ ಕಂಪ್ಯೂಟರ್ ಮತ್ತು ಮಾಬ್ಲಾಚಾರಿ

ಎಷ್ಟು ವರ್ಷದ ಹಿಂದೆ ಅಂತ ಮಾತ್ರ ನನ್ನ ಕೇಳಬೇಡಿ. ನನಗೆ ಹೇಳಿದ ಅಜ್ಜಿಗೂ ಗೊತ್ತಿರಲಿಲ್ಲ, ಅವಳಿಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ, ಕಂಪ್ಯೂಟರ್ ಅಂದರೆ ಅಕ್ಕಿ ಡಬ್ಬದಷ್ಟು ದೊಡ್ಡದಾಗಿ ಮೇಜಿನ ಮೇಲೆ ಕೂತು ದಿನವಿಡೀ ಗುಂಯ್ ಅನ್ನುತ್ತಿದ್ದ ಕಾಲದಲ್ಲಿ, ಕಡಲ ಬದಿಗೆ ಚಿಪ್ಪಿಕೋಡಿ ಅಂತ ಒಂದು ಊರಿತ್ತಂತೆ. ಊರು ಅಂದರೆ ಎಂತ ಊರು ಮಾರಾಯ್ರೇ, ಅತ್ತ ಹೊಳೆ, ಇತ್ತ ಕಡಲು, ನಡುವೆ ಒಂದು ಪಟ್ಟಿ ಮರಳು. ಅದರ ಮೇಲೆ ನೂರಿಪ್ಪತ್ತು ಮನೆ, ಒಂದು ಐಸ್ ಫ್ಯಾಕ್ಟರಿ, ಮೀನುಗಾರರ ಸೊಸೈಟಿಯ ಹಂಚಿನ ಕಟ್ಟಡ. ಅಷ್ಟೇ.

ಆ ಸೊಸೈಟಿಯ ಹಿಂದಿನ ಕೋಣೆಯಲ್ಲಿ ಊರಿಗೆಲ್ಲ ಒಂದೇ ಕಂಪ್ಯೂಟರ್. ಆಳಕಡಲಿಗೆ ಹೋಗುವ ಬೋಟುಗಳು ಹನ್ನೊಂದು, ಹನ್ನೊಂದರಲ್ಲೂ ಒಂದೊಂದು ಪೆಟ್ಟಿಗೆ. ನಾನಿಲ್ಲಿದ್ದೇನೆ ಅಂತ ಪೆಟ್ಟಿಗೆ ಹೇಳುತ್ತಿತ್ತು, ಹಂಚಿನ ಮಾಡಿನ ಮೇಲಿದ್ದ ಆಂಟೆನಾ ಕೇಳುತ್ತಿತ್ತು, ಸ್ಕ್ರೀನಿನ ಮೇಲೆ ಹಸಿರು ಚುಕ್ಕಿ ಮೂಡುತ್ತಿತ್ತು. ತೀರಾ ದೂರದ ಬೋಟಿನ ಮಾತು ಆಂಟೆನಾಕ್ಕೆ ನೇರ ಮುಟ್ಟುತ್ತಿರಲಿಲ್ಲ. ಆಗ ನಡುವೆ ಇದ್ದ ಬೋಟಿನ ಪೆಟ್ಟಿಗೆ ಅದನ್ನು ಕೇಳಿಸಿಕೊಂಡು ಈಚೆಗೆ ದಾಟಿಸುತ್ತಿತ್ತು. ದಡದಿಂದ ಬರೆದ ಮಾತೂ ಹಾಗೇ ಕೈಯಿಂದ ಕೈಗೆ ದಾಟಿ ಹೋಗುತ್ತಿತ್ತು.

ಕಂಪ್ಯೂಟರಿನ ಮುಂದೆ ಕೂರುತ್ತಿದ್ದವಳು ಶೇವಂತಿ. ಮದುವೆಯಾಗಿ ಎರಡು ವರ್ಷ. ಗಂಡ ದಾಮು ಹನ್ನೊಂದನೇ ಬೋಟಿನಲ್ಲಿ, ಎಲ್ಲರಿಗಿಂತ ಆಚೆ ಹೋಗಿ ಬಲೆ ಬಿಡುವ ಬೋಟು ಅದು. ಬೆಳಿಗ್ಗೆ ಬಂದ ಕೂಡಲೇ ಶೇವಂತಿ ಚುಕ್ಕಿ ಎಣಿಸುತ್ತಿದ್ದಳು. ಹನ್ನೊಂದನ್ನು ಮೊದಲು ನೋಡಿ, ಆಮೇಲೆ ಒಂದರಿಂದ ಎಣಿಸುತ್ತಿದ್ದಳಂತೆ. ಯಾರು ತಾನೇ ಹಾಗೆ ಮಾಡುವುದಿಲ್ಲ?

ಇನ್ನು ಮಾಬ್ಲಾಚಾರಿ. ಮಾಬ್ಲ ಅಂದರೆ ಮಹಾಬಲೇಶ್ವರ. ಅಷ್ಟುದ್ದ ಹೆಸರು ಕರೆಯುವ ಪುರುಸೊತ್ತು ನಮ್ಮ ಕಡೆ ಯಾರಿಗಿದೆ? ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲ ಮರದ ದೋಣಿ ಕಟ್ಟುವ ಆಚಾರಿಗಳು. ಫೈಬರ್ ದೋಣಿ ಬಂದ ಮೇಲೆ ಉಳಿಗೆ ಕೆಲಸ ಕಡಿಮೆಯಾಗಿ ಮಾಬ್ಲ ಸ್ಕ್ರೂಡ್ರೈವರ್ ಹಿಡಿದ. ಮೊದಲು ರೇಡಿಯೋ, ಆಮೇಲೆ ಟೀವಿ, ಆಮೇಲೆ ಕಂಪ್ಯೂಟರ್. ಹೊಳೆಗೆ ಬಿದ್ದು ಮೂರು ದಿನ ಕೆಸರಲ್ಲಿದ್ದ ಟೀವಿಯನ್ನು ಮಾತಾಡಿಸಿದನಂತೆ. ಯಂತ್ರದ ಮೇಲೆ ಕಿವಿಯಿಟ್ಟು ಒಳಗೆ ಯಾವ ತಂತಿ ಸತ್ತಿದೆ ಅಂತ ಹೇಳುತ್ತಿದ್ದನಂತೆ. ಅವನು ಅಂಗಳದಲ್ಲಿ ಹಾದು ಹೋದರೆ ನಿಂತ ಗಡಿಯಾರ ನಡೆಯುತ್ತಿತ್ತು ಅಂತಲೂ ಹೇಳ್ತಾರೆ. ಹೇಳುವವರ ಬಾಯಿಗೆ ಬೀಗ ಹಾಕಲಿಕ್ಕೆ ಆಗ್ತದಾ? ನನಗೆ ಗೊತ್ತಿರುವುದು ಇಷ್ಟು: ಹಳೇ ವಸ್ತುವನ್ನು ಬಿಸಾಡು ಅಂತ ಅವನು ಯಾರಿಗೂ ಹೇಳಿದವನಲ್ಲ.

ಆ ಆಚಾರಿಗಳಲ್ಲಿ ಒಂದು ಕಟ್ಟಳೆ ಇತ್ತು. ಹಳೇ ದೋಣಿಗೆ ಹೊಸ ಹಲಗೆ ಕೂರಿಸಿದರೆ, ಆ ದೋಣಿ ಮೊದಲ ಸಲ ಅಳಿವೆ ದಾಟುವಾಗ ಕೂರಿಸಿದ ಆಚಾರಿಯೇ ಅದರಲ್ಲಿರಬೇಕು. ಅಳಿವೆ ಅಂದರೆ ಹೊಳೆ ಕಡಲಿಗೆ ಬೀಳುವ ಬಾಯಿ, ಅಲೆ ಏಳುವ ಜಾಗ. ಹಲಗೆಯ ಸಂದಿಯಲ್ಲಿ ನೀರು ನುಗ್ಗಿದರೆ ಮೊದಲು ಒದ್ದೆಯಾಗುವವನು ಅವನೇ ಆಗಬೇಕು. ಇದಕ್ಕೆ ಹೆದರಿ ಯಾವ ಆಚಾರಿಯೂ ಅರೆಬರೆ ಕೆಲಸ ಮಾಡುತ್ತಿರಲಿಲ್ಲ.

ಹೀಗಿರುವಾಗ ಪೆಟ್ಟಿಗೆ ಮಾಡಿದ ಕಂಪನಿಯಿಂದ ಒಂದು ಕಾಗದ ಬಂತು. ಬರುವ ಅಮಾವಾಸ್ಯೆ ಬಿಟ್ಟು ಅದರ ಮುಂದಿನದು ಕಳೆದರೆ ಬೋಟಿನ ಪೆಟ್ಟಿಗೆಗಳೆಲ್ಲ ತಮ್ಮಷ್ಟಕ್ಕೆ ಹೊಸ ಕ್ರಮಕ್ಕೆ ಹೊರಳುತ್ತವೆ, ಆಮೇಲೆ ಅವುಗಳ ಮಾತು ಹಳೇ ಸಿಸ್ಟಮ್ಮಿಗೆ ತಿಳಿಯುವುದಿಲ್ಲ, ಅಷ್ಟರೊಳಗೆ ದಡದ ಕಂಪ್ಯೂಟರನ್ನೂ ಅಪ್‌ಡೇಟ್ ಮಾಡಿಕೊಳ್ಳಿ ಅಂತ. ಸೊಸೈಟಿಯ ಅಧ್ಯಕ್ಷರು ಪಾಂಡುರಂಗ ತಾಂಡೇಲರು. ಬೋಟು ನಡೆಸುವ ಯಜಮಾನನಿಗೆ ನಮ್ಮ ಕಡೆ ತಾಂಡೇಲ ಅಂತಾರೆ. ಅವರು ಕಾಗದವನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿ, ನಡೆಯುತ್ತಾ ಇರುವುದಕ್ಕೆ ಯಾಕೆ ಕೈ ಹಾಕುವುದು ಅಂದುಬಿಟ್ಟರು.

ಕಂಪ್ಯೂಟರ್ ಮಾತ್ರ ದಿನಾ ಬೆಳಿಗ್ಗೆ ಕೇಳುತ್ತಿತ್ತಂತೆ, ಹೊಸದು ಹಾಕಲೇ ಅಂತ. ಕೆಳಗೆ ಎರಡು ಗುಂಡಿ: 'ಈಗ', 'ಆಮೇಲೆ'. ಶೇವಂತಿ ದಿನಾ 'ಆಮೇಲೆ' ಒತ್ತಿದಳು. ಒಂದು ದಿನವಲ್ಲ ಎರಡು ದಿನವಲ್ಲ, ನಲವತ್ತು ದಿನ ಒತ್ತಿದಳು. ಅವಳಿಗೂ ಹೆದರಿಕೆ, ಎಲ್ಲಿ ಏನಾದರೂ ಮಾಡಿ ಇದ್ದದ್ದೂ ಹಾಳಾದರೆ ಅಂತ. ನಾನಾದರೂ ಅದನ್ನೇ ಒತ್ತುತ್ತಿದ್ದೆ.

ಅಮಾವಾಸ್ಯೆ ಬಂತು, ಹೋಯಿತು. ಮರುದಿನ ಬೆಳಿಗ್ಗೆ ಶೇವಂತಿ ಬಂದು ನೋಡುತ್ತಾಳೆ, ಸ್ಕ್ರೀನಿನ ಮೇಲೆ ಬರೀ ನೀಲಿ ಕಡಲು. ಒಂದು ಚುಕ್ಕಿ ಇಲ್ಲ. ಹನ್ನೊಂದೂ ಇಲ್ಲ. ಎಲ್ಲ ಮುಳುಗಿದವು ಅಂತಲೇ ತಿಳಿದು ಕೂಗಿಕೊಂಡಳು. ಜನ ಓಡಿ ಬಂದರು. ಆಗ ಯಾರೋ ಕೆಳಗಿನ ಸಾಲು ಓದಿ, ಪೆಟ್ಟಿಗೆಗಳು ಹೊಸದಕ್ಕೆ ಹೊರಳಿದ್ದಾವೆ, ಇದು ಇನ್ನೂ ಹಳೇದು ಅಂತ ತಿಳಿಸಿದರು. ಶೇವಂತಿ 'ಈಗ' ಒತ್ತಿದಳು. ಕಂಪ್ಯೂಟರ್ ಸ್ವಲ್ಪ ಹೊತ್ತು ಗುರುಗುಟ್ಟಿ ಉತ್ತರ ಕೊಟ್ಟಿತು: ಈ ಯಂತ್ರ ತುಂಬಾ ಹಳೆಯದು, ಇದರ ಮೇಲೆ ಹೊಸ ಸಿಸ್ಟಂ ಹಾಕಲಾಗುವುದಿಲ್ಲ.

ಅದೇ ಹೊತ್ತಿಗೆ ರೇಡಿಯೋದಲ್ಲಿ ಬಿರುಗಾಳಿಯ ಸುದ್ದಿ ಬಂತು ಅಂತ ಹೇಳ್ತಾರೆ. ಗಾಳಿ ದಿಕ್ಕು ತಿರುಗಿಸಿದೆ, ಸಂಜೆಗೆ ಈ ಕಡೆ ಹೊಡೆಯುತ್ತದೆ. ಬೋಟುಗಳು ಹೊತ್ತಿರುವಾಗಲೇ ನಡುಗಡ್ಡೆಯ ಮರೆಗೆ ಸೇರಿಕೊಂಡರೆ ಬದುಕಿದವು. ಅಷ್ಟು ದೂರಕ್ಕೆ ಫೋನೂ ಮುಟ್ಟುವುದಿಲ್ಲ, ರೇಡಿಯೋವೂ ಕೇಳುವುದಿಲ್ಲ. ಕಾವಲು ಹಡಗಿನವರಿಗೆ ತಿಳಿಸಿದರೆ ಅವರು ಬೋಟು ಎಲ್ಲಿದೆ ಹೇಳಿ, ಹೋಗುತ್ತೇವೆ ಅಂದರು. ಎಲ್ಲಿದೆ ಅಂತ ಗೊತ್ತಿದ್ದರೆ ಅವರ ತನಕ ಯಾಕೆ ಹೋಗಬೇಕಿತ್ತು? ಬೇರೆ ಕಂಪ್ಯೂಟರ್ ತರೋಣ ಅಂದರೆ ಆಂಟೆನಾದ ತಂತಿ ಸಿಕ್ಕಿಸುವ ಹಲಗೆ ಈ ಹಳೇ ಯಂತ್ರಕ್ಕೆ ಮಾತ್ರ ಕೂರುವಂಥದು. ಎಂಬತ್ತೆರಡು ಜನ ಗಂಡಸರು ಕಡಲಲ್ಲಿ. ಶೇವಂತಿಗೆ ಒಂದೇ ಯೋಚನೆ: ನಲವತ್ತು ಸಲ ಒತ್ತಿದ್ದು ಈ ಬೆರಳೇ ಅಲ್ಲವಾ.

ಮಾಬ್ಲಾಚಾರಿ ಬಂದ. ಬಂದವನು ಯಾರನ್ನೂ ಬೈಯಲಿಲ್ಲ. ಯಂತ್ರದ ಬೆನ್ನು ಬಿಚ್ಚಿ ಹಳೇ ಹಾರ್ಡ್ ಡಿಸ್ಕನ್ನು ಹೊರತೆಗೆದ, ಹೆಗಲ ಮೇಲಿನ ಪಂಚೆಯಲ್ಲಿ ಸುತ್ತಿ ಶೇವಂತಿಯ ಕೈಗೆ ಕೊಟ್ಟ. ಇದರ ಹಳೇ ಜೀವ ಇದರೊಳಗಿದೆ ತಂಗಿ, ನಾನು ಸೋತರೆ ಇದನ್ನೇ ತಿರುಗಿ ಕಟ್ಟೋಣ, ಕೆಳಗೆ ಬೀಳಿಸಬೇಡ ಅಂದನಂತೆ. ತನ್ನ ಚೀಲದಿಂದ ಬೇರೆ ಡಿಸ್ಕ್ ತೆಗೆದು ಕೂರಿಸಿದ. ಕರೆಂಟಿನ ಮೇಲೆ ನಂಬಿಕೆ ಇಲ್ಲದೆ ಬೋಟಿನ ಎರಡು ಬ್ಯಾಟರಿ ತರಿಸಿ ಜೋಡಿಸಿಕೊಂಡ.

ಹೊಸ ಸಿಸ್ಟಂ ಒಳಗೆ ಬರುವ ಮೊದಲು ಯಂತ್ರದ ವಯಸ್ಸು ಕೇಳುತ್ತದಂತೆ. ಹಳೇದು ಅಂತ ಕಂಡರೆ ಬಾಗಿಲಲ್ಲೇ ತಿರುಗಿ ಹೋಗುತ್ತದೆ. ಮಾಬ್ಲಾಚಾರಿ ಯಂತ್ರದ ಕಿವಿಯಲ್ಲಿ ಮಂತ್ರ ಹೇಳಿದ ಅಂತ ಕೆಲವರು, ಬೆರಳು ಕೊಯ್ದು ರಕ್ತ ಸವರಿದ ಅಂತ ಕೆಲವರು. ಸುಳ್ಳು! ಪಕ್ಕದಲ್ಲೇ ನಿಂತಿದ್ದ ಶೇವಂತಿ ಕಂಡದ್ದು ಬೇರೆ. ಅವನು ಕಾಗದದ ಜೊತೆ ಕಂಪನಿ ಕಳಿಸಿದ್ದ ಹೊಸ ಸಿಸ್ಟಮ್ಮಿನ ಪೆನ್ ಡ್ರೈವ್ ತೆರೆದು, ಅದರೊಳಗಿನ ಸಾಲುಗಳನ್ನು ಒಂದೊಂದಾಗಿ ಓದಿ, ವಯಸ್ಸು ಕೇಳುವ ಸಾಲನ್ನು ಮಾತ್ರ ಅಳಿಸಿದ. ಕೇಳುವವರೇ ಇಲ್ಲ ಅಂದ ಮೇಲೆ ಹೇಳುವುದೇನು? ಹೊಸ ಸಿಸ್ಟಂ ಒಳಗೆ ಇಳಿಯಲಿಕ್ಕೆ ಶುರುವಾಯಿತು. ಆಗ ಬೆಳಿಗ್ಗೆ ಹತ್ತು ಗಂಟೆ.

ನೂರರಲ್ಲಿ ಹತ್ತಾಯಿತು, ಇಪ್ಪತ್ತಾಯಿತು. ನಲವತ್ತಕ್ಕೆ ಬರುವಾಗ ಯಂತ್ರ ಕಿರುಚಲಿಕ್ಕೆ ಹತ್ತಿತು. ಮುಟ್ಟಿದರೆ ಬೆಂಕಿ. ಆಚಾರಿ ಬೆನ್ನೊಳಗೆ ಬೆಳಕು ಬಿಟ್ಟು ನೋಡಿದ. ಫ್ಯಾನಿನ ತುಂಬ ಒಣಗಿದ ಸೇವಂತಿಗೆ ಎಸಳು, ಕುಂಕುಮ, ಕರ್ಪೂರದ ಮಸಿ. ವರ್ಷಾವರ್ಷ ಆಯುಧಪೂಜೆಗೆ ಆ ಯಂತ್ರಕ್ಕೆ ಮೊಳ ಹೂ ಮುಡಿಸಿ, ಕುಂಕುಮವಿಟ್ಟು, ಆರತಿ ಎತ್ತಿದ್ದು ಬೇರೆ ಯಾರು, ಶೇವಂತಿಯೇ. ಬೋಟು ಕಾಯುವ ಯಂತ್ರ ಅಂತ ಉಳಿದವರಿಗಿಂತ ಒಂದು ಹಿಡಿ ಹೂ ಹೆಚ್ಚೇ ಏರಿಸುತ್ತಿದ್ದಳು. ಅಯ್ಯೋ ದೇವರೇ, ಭಕ್ತಿಯಿಂದ ಮಾಡಿದ್ದೇ ಕುತ್ತಿಗೆಗೆ ಬಂತಲ್ಲ ಅಂತ ಅವಳು ಅಲ್ಲೇ ಕುಸಿದಳು.

ನಡುವೆ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಅರ್ಧಕ್ಕೇ ಸಾಯುತ್ತದೆ. ಕಾದು ತಾನಾಗಿ ನಿಂತರೂ ಸಾಯುತ್ತದೆ. ಆಚಾರಿ ಒಂದೊಂದೇ ಎಸಳನ್ನು ಚಿಮಟಿಗೆಯಿಂದ ಕೀಳುತ್ತಾ ಐಸ್ ಬೇಕು ಅಂದ. ಮೀನು ಮಾರುವ ಹೆಂಗಸರು ಫ್ಯಾಕ್ಟರಿಗೆ ಓಡಿದರು. ಬುಟ್ಟಿ ಬುಟ್ಟಿ ಐಸ್ ತಂದು ಯಂತ್ರದ ಎದುರು ರಾಶಿ ಹಾಕಿ, ಅದರ ಹಿಂದೆ ಟೇಬಲ್ ಫ್ಯಾನ್ ಇಟ್ಟರು. ಐಸ್ ಮೇಲಿಂದ ಬಂದ ಗಾಳಿ ಯಂತ್ರಕ್ಕೆ ತಾಗುವ ಹಾಗೆ. ಕರಗಿದ ನೀರು ತಂತಿಗೆ ಹೋಗದ ಹಾಗೆ ಸೆರಗಿನಿಂದಲೇ ಒರೆಸಿದರು. ಕೋಣೆ ತುಂಬ ಮೀನಿನ ವಾಸನೆ, ಮೊಣಕಾಲವರೆಗೆ ಒದ್ದೆ ಸೀರೆ. ಅವರೆಲ್ಲರ ಗಂಡಂದಿರು, ಮಕ್ಕಳು ಅಲ್ಲೇ ಅಲ್ಲವಾ ಇದ್ದದ್ದು.

ಯಂತ್ರ ತಣಿಯಿತು. ಐವತ್ತು, ಎಂಬತ್ತು, ತೊಂಬತ್ತು. ತೊಂಬತ್ತೊಂಬತ್ತಕ್ಕೆ ಸ್ಕ್ರೀನ್ ತಟ್ಟನೆ ಕಪ್ಪಾಯಿತು.

ಕಪ್ಪಾದದ್ದು ಕಪ್ಪಾಗಿಯೇ ಉಳಿಯಿತು. ಐದು ನಿಮಿಷ, ಹತ್ತು ನಿಮಿಷ, ಅರ್ಧ ಗಂಟೆ. ಹೊರಗೆ ಮೋಡ ಕವಿದು ಮಧ್ಯಾಹ್ನವೇ ಮಬ್ಬಾಯಿತು. ತಾಂಡೇಲರಿಗೆ ತಡೆಯಲಾಗಲಿಲ್ಲ. ಸತ್ತಿದೆ ಇದು, ಒಂದು ಸಲ ಬಂದ್ ಮಾಡಿ ಚಾಲೂ ಮಾಡೋಣ ಅಂತ ಸ್ವಿಚ್ಚಿಗೆ ಕೈ ಹಾಕಿದರು. ಶೇವಂತಿ ಹಾರಿ ಅವರ ಮಣಿಕಟ್ಟು ಹಿಡಿದಳು. ಹಿರಿಯರ ಎದುರು ದನಿ ಎತ್ತದ ಹೆಂಗಸು ಅವಳು.

"ಮುಟ್ಟಬೇಡಿ ತಾಂಡೇಲ್ರೇ," ಅಂದಳಂತೆ. "ಮುಟ್ಟಿದರೆ ನಾನು ಇಲ್ಲೇ ತಲೆ ಒಡೆದುಕೊಂಡು ಸಾಯ್ತೇನೆ."

ಅವರು ಕೈ ತೆಗೆದರು. ಇನ್ನೂ ಕಾಲು ಗಂಟೆ ಕಳೆದ ಮೇಲೆ ಸ್ಕ್ರೀನಿನ ನಡುವೆ ಬಿಳಿ ಸಾಲೊಂದು ಮೂಡಿತು. ಆಮೇಲೆ ಹೊಸ ಬಣ್ಣ, ಹೊಸ ಅಕ್ಷರ. ಆದರೆ ಅದಕ್ಕೆ ಆಂಟೆನಾದ ಗುರುತೇ ಇಲ್ಲ. ಆಚಾರಿ ಶೇವಂತಿಯ ಮಡಿಲಿನಿಂದ ಹಳೇ ಡಿಸ್ಕ್ ತೆಗೆದುಕೊಂಡು ಪಕ್ಕದಲ್ಲಿ ಜೋಡಿಸಿ, ಆಂಟೆನಾವನ್ನು ಮಾತಾಡಿಸುವ ಹಳೇ ಫೈಲನ್ನು ಹುಡುಕಿ ಹೊಸದರೊಳಗೆ ತುಂಬಿದ. ಆಗ ನೀಲಿ ಕಡಲು ಮೂಡಿತು.

ಚುಕ್ಕಿ ಒಂದೂ ಇಲ್ಲ.

ಈಗ ಹೇಳಿ, ಏನಂತ ತಿಳಿಯುವುದು? ಯಂತ್ರಕ್ಕೆ ಕಣ್ಣು ಬಂದಿಲ್ಲವೋ, ಅಥವಾ ನೋಡಲಿಕ್ಕೆ ಬೋಟೇ ಉಳಿದಿಲ್ಲವೋ? ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡರು. ಮಾಬ್ಲಾಚಾರಿ ಕಪಾಟಿನಲ್ಲಿದ್ದ ಹೆಚ್ಚಿನ ಪೆಟ್ಟಿಗೆ ಕೊಡಿ ಅಂದ. ಯಾವ ಬೋಟಿಗೂ ಕಟ್ಟದ, ಹೆಸರಿಲ್ಲದ ಪೆಟ್ಟಿಗೆ ಅದು. ಬಂದರಿನೊಳಗೆ ಆ ಪೆಟ್ಟಿಗೆಗಳು ಮಾತಾಡುವುದಿಲ್ಲ, ಅಳಿವೆ ದಾಟಿದ ಮೇಲೇ ಅವಕ್ಕೆ ಬಾಯಿ. ಹಾಗಾಗಿ ಯಂತ್ರಕ್ಕೆ ಕಣ್ಣು ಬಂದಿದೆಯಾ ಅಂತ ತಿಳಿಯಬೇಕಾದರೆ ಯಾರಾದರೂ ಅದನ್ನು ಹಿಡಿದು ದಾಟಲೇಬೇಕು. ತಾಂಡೇಲರು ನಾನು ಹೋಗ್ತೇನೆ ಅಂದರು. ಆಚಾರಿ ಒಪ್ಪಲಿಲ್ಲ.

"ಹೊಸ ಹಲಗೆ ಕೂರಿಸಿದವನು ನಾನು," ಅಂದ. "ನೀವು ಹೇಗೆ ಕೂರ್ತೀರಿ?"

ಮೋಟಾರು ಕಟ್ಟಿದ ಸಣ್ಣ ದೋಣಿಯಲ್ಲಿ ಅವನೊಬ್ಬನೇ ಹೋದ. ಅಲೆ ಆಗಲೇ ಆಳೆತ್ತರ ಏಳುತ್ತಿತ್ತಂತೆ. ಕೋಣೆಯಲ್ಲಿ ಶೇವಂತಿ ಸ್ಕ್ರೀನ್ ನೋಡುತ್ತಾ ಕೂತಳು. ಆಗ ಅವಳಿಗೆ ಹೊಳೆಯಿತು, ಅವನ ಚುಕ್ಕಿ ಕಂಡು ಉಳಿದವು ಕಾಣದಿದ್ದರೆ ಅದರ ಅರ್ಥ ಏನು ಅಂತ. ದೇವರೇ, ಅವನ ಚುಕ್ಕಿ ಕಾಣದಿರಲಿ, ಯಂತ್ರ ಕೆಟ್ಟೇ ಇರಲಿ ಅಂತ ಅವಳು ಬೇಡಿಕೊಂಡಳಂತೆ.

ಕಂಡಿತು. ಅಳಿವೆಯ ಆಚೆ ಒಂದೇ ಒಂದು ಹಸಿರು ಚುಕ್ಕಿ, ಪಕ್ಕದಲ್ಲಿ 'ಹೆಸರಿಲ್ಲ'. ಉಳಿದ ಕಡಲೆಲ್ಲ ಖಾಲಿ. ಕೋಣೆಯಲ್ಲಿ ಗೋಳು ಎದ್ದಿತು. ಶೇವಂತಿ ಅಳುತ್ತಲೇ ಬರೆದಳು: ನೀವು ಕಾಣ್ತಿದ್ದೀರಿ, ಬೇರೆ ಯಾರೂ ಇಲ್ಲ. ಪೆಟ್ಟಿಗೆಯಲ್ಲಿ ಉತ್ತರಕ್ಕೆ ಮೂರೇ ಗುಂಡಿ, 'ಸರಿ', 'ಅಪಾಯ', 'ಬರುತ್ತಿದ್ದೇನೆ'. ಅವನು 'ಸರಿ' ಒತ್ತಿದ. ಆದರೆ ತಿರುಗಲಿಲ್ಲ. ಚುಕ್ಕಿ ಇನ್ನೂ ಆಚೆ ಹೋಗಲಿಕ್ಕೆ ಹತ್ತಿತು.

ಎಲ್ಲಿಗೆ ಹೊರಟ ಮಾರಾಯ ಅಂತ ತಾಂಡೇಲರು ಕಿಟಕಿಗೆ ಹೋಗಿ ಕೂಗಿದರು. ಆಚಾರಿಗೆ ಅರ್ಥವಾಗಿತ್ತು. ಹಳೇ ಫೈಲಿನ ಬಲದಲ್ಲಿ ಆಂಟೆನಾಕ್ಕೆ ಮೊದಲಿನಷ್ಟು ದೂರ ಕೇಳುತ್ತಿಲ್ಲ. ತಾನು ನಡುವೆ ಹೋಗಿ ನಿಂತರೆ ಆಚೆಯ ಮಾತು ಈಚೆಗೆ ದಾಟುತ್ತದೆ. ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ ಅವನ ಚುಕ್ಕಿಯ ಆಚೆ ಇನ್ನೊಂದು ಚುಕ್ಕಿ ಮೂಡಿತು. ಅದರಾಚೆ ಇನ್ನೊಂದು. ಮೂರು, ಐದು, ಒಂಬತ್ತು, ಹನ್ನೊಂದು! ಎಲ್ಲರಿಗಿಂತ ಆಚೆ ದಾಮುವಿನ ಬೋಟು. ಶೇವಂತಿ ಬರೆದಳು: ಬಿರುಗಾಳಿ, ಸಂಜೆಯೊಳಗೆ ನಡುಗಡ್ಡೆಯ ಮರೆಗೆ ಹೋಗಿ. ಒಂದೊಂದೇ ಬೋಟಿನಿಂದ 'ಸರಿ' ಬಂತು. ಹತ್ತು ಬಂತು. ಹನ್ನೊಂದನೆಯದು ಬರಲಿಲ್ಲ.

ಅಷ್ಟರಲ್ಲಿ ಹೆಸರಿಲ್ಲದ ಪೆಟ್ಟಿಗೆಯಿಂದ ಬಂತು: 'ಅಪಾಯ'.

ಮಾಬ್ಲನ ದೋಣಿಗೆ ನೀರು ನುಗ್ಗಿದೆ, ಅವನನ್ನು ಕರೆಸು ಅಂತ ತಾಂಡೇಲರು ಬಾಗಿಲಿನಿಂದ ಕೂಗಿದರು. ಅವನು ಈಚೆ ಬಂದರೆ ನಡುವಿನ ಕೊಂಡಿ ಕಳಚುತ್ತದೆ. ಕಳಚಿದರೆ ದಾಮುವಿನ ಬೋಟಿಗೆ ಸುದ್ದಿ ಮುಟ್ಟಿದೆಯೋ ಇಲ್ಲವೋ ಯಾವತ್ತೂ ತಿಳಿಯುವುದಿಲ್ಲ. ಆ ಬೋಟಿನಲ್ಲಿ ಏಳು ಜನ. ಈ ದೋಣಿಯಲ್ಲಿ ಒಬ್ಬ. ಶೇವಂತಿ 'ಬನ್ನಿ' ಅಂತ ಬರೆದಳು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತಲಿಲ್ಲ.

"ಬರೆದೆಯಾ?" ಅಂತ ತಾಂಡೇಲರು ಕೇಳಿದರು.

"ಬರೆದೆ," ಅಂದಳು.

'ಅಪಾಯ' ಇನ್ನೊಂದು ಸಲ ಬಂತು. ಅವಳು ದಾಮುವಿನ ಬೋಟಿಗೆ ಬಿರುಗಾಳಿಯ ಮಾತನ್ನು ತಿರುಗಿ ಕಳಿಸಿದಳು. ಮತ್ತೆ ಕಳಿಸಿದಳು. ಬೆವರಿನಿಂದ ಬೆರಳು ಜಾರುತ್ತಿತ್ತಂತೆ. ಎಷ್ಟು ಹೊತ್ತು ಕೂತಳೋ ಅವಳಿಗೇ ಗೊತ್ತಿಲ್ಲ. ಕಡೆಗೆ ಹನ್ನೊಂದನೇ ಬೋಟಿನಿಂದ 'ಸರಿ' ಬಂತು, ಆ ಚುಕ್ಕಿ ನಡುಗಡ್ಡೆಯ ಕಡೆ ಹೊರಳಿತು. ಆ ಕ್ಷಣವೇ ಅವಳು ಇನ್ನೊಂದು ಗುಂಡಿ ಒತ್ತಿದಳು. 'ಬನ್ನಿ' ಹೋಯಿತು.

ಉತ್ತರ ಕೂಡಲೇ ಬಂತು: 'ಬರುತ್ತಿದ್ದೇನೆ'. ಚುಕ್ಕಿ ದಡದ ಕಡೆ ಒಂದು ಕೂದಲಿನಷ್ಟು ಸರಿಯಿತು, ಇನ್ನೊಂದಿಷ್ಟು ಸರಿಯಿತು. ನಿಂತಿತು. ಆಮೇಲೆ ಇರಲಿಲ್ಲ.

ಗಾಳಿ ಬಂದು ಹೊಡೆದು ಹೋಯಿತು. ಮರುದಿನ ಹನ್ನೊಂದು ಬೋಟೂ ಬಂದವು, ಎಂಬತ್ತೆರಡು ಜನರೂ ಇಳಿದರು. ದಾಮು ಬಂದು ಎದುರು ನಿಂತರೆ ಶೇವಂತಿಗೆ ಅವನ ಮುಖ ನೋಡಲಾಗಲಿಲ್ಲವಂತೆ. ಮಾಬ್ಲಾಚಾರಿಯ ದೋಣಿಯ ಒಂದು ತುಂಡೂ ಸಿಗಲಿಲ್ಲ. ಅವನನ್ನು ಕಡಲಮ್ಮ ಕರೆದುಕೊಂಡಳು ಅಂದರು, ದೇವರೇ ಆಚಾರಿಯ ರೂಪದಲ್ಲಿ ಬಂದಿದ್ದ ಅಂದರು. ಶೇವಂತಿ ಮತ್ತೆ ಮೂವತ್ತು ವರ್ಷ ಅದೇ ಕುರ್ಚಿಯಲ್ಲಿ ಕೂತಳು. ಸಾಯುವ ಕಾಲಕ್ಕೆ ಸೊಸೆಯನ್ನು ಹತ್ತಿರ ಕರೆದು, 'ಬರೆದೆ' ಅಂದದ್ದು ನಿಜ, ಕಳಿಸಿರಲಿಲ್ಲ ಅಂತ ಹೇಳಿ ಕಣ್ಣು ಮುಚ್ಚಿದಳಂತೆ.

ಅವಳು ಮಾಡಿದ್ದು ಸರಿಯಾ ತಪ್ಪಾ ಅಂತ ನನ್ನ ಕೇಳಬೇಡಿ. ಚಿಪ್ಪಿಕೋಡಿಯವರೂ ಅದನ್ನು ಮಾತಾಡುವುದಿಲ್ಲ. ಆದರೆ ಅಲ್ಲಿ ಈಗಲೂ ಹೀಗೆ ನಡೆಯುತ್ತದೆ. ಆ ಹಳೇ ಯಂತ್ರ ಹೋಗಿ ಎಷ್ಟೋ ಯಂತ್ರ ಬಂದವು. ಪ್ರತಿ ಸಲ ಸಿಸ್ಟಂ ಬದಲಿಸುವಾಗ, ಬೋಟುಗಳ ಹೆಸರಿಗಿಂತ ಮೊದಲು ಒಂದು ಸಾಲನ್ನು ಹಳೇದರಿಂದ ಹೊಸದಕ್ಕೆ ದಾಟಿಸುತ್ತಾರೆ: ಹೆಸರಿಲ್ಲ, 'ಬರುತ್ತಿದ್ದೇನೆ'. ಒಮ್ಮೆ ಪೇಟೆಯಿಂದ ಬಂದವನೊಬ್ಬ ಇದು ಯಾವ ಕಾಲದ್ದು ಅಂತ ಅಳಿಸಿದ್ದಕ್ಕೆ, ಇಡೀ ಕೆಲಸವನ್ನು ಮೊದಲಿಂದ ಮಾಡಿಸಿದರು. ಮತ್ತೆ, ಗಾಳಿ ಎದ್ದ ದಿನ ಯಂತ್ರದ ಮುಂದೆ ಕೂತವಳ ಗಂಡನೋ ಮಗನೋ ಕಡಲಲ್ಲಿದ್ದರೆ, ಉಳಿದ ಹೆಂಗಸರು ಬಂದು ಅವಳ ಹೆಗಲು ಮುಟ್ಟುತ್ತಾರೆ. ಬೈಯುವುದಿಲ್ಲ, ಏನೂ ಕೇಳುವುದಿಲ್ಲ. ಅವಳು ಎದ್ದು ಹೋಗಿ ಹೊರಗಿನ ಬೆಂಚಿನ ಮೇಲೆ ಕೂರುತ್ತಾಳೆ. ಆ ದಿನ ಯಾರೂ ಕಡಲಿಗೆ ಹೋಗದ ಮನೆಯವಳೊಬ್ಬಳು ಒಳಗೆ ಬಂದು ಆ ಕುರ್ಚಿಯಲ್ಲಿ ಕೂರುತ್ತಾಳೆ.